ಕಣ್ಣೊಳಗಿನ ಸುಳಿ

"ಇನ್ನೂ ಎಷ್ಟೊತ್ತು ನೋಡ್ತೀರಾ?"

ಸ್ಪಂದನಾಗೆ ಸಾಕಾಗಿಹೋಗಿತ್ತು. ಗದ್ದವನ್ನು ಯಂತ್ರದ ಬಟ್ಟಲಿನಲ್ಲಿ ಊರಿ, ಹಣೆಯನ್ನು ಪಟ್ಟಿಗೆ ಒತ್ತಿ ಕೂತು ಎಷ್ಟು ಹೊತ್ತಾಯಿತು! ಅವಳಿಗಿಂತ ಮೊದಲು ಹೋದವರೆಲ್ಲ ಎರಡೆರಡು ನಿಮಿಷಕ್ಕೇ ಎದ್ದು ಬಂದಿದ್ದರು. ಇವಳ ಸರದಿ ಬಂದಾಗ ಮಾತ್ರ ಯಂತ್ರದ ಆಚೆ ಕೂತವನು ಬಲಗಣ್ಣು ನೋಡಿದ, ಎಡಗಣ್ಣು ನೋಡಿದ, ಮತ್ತೆ ಬಲಗಣ್ಣಿಗೆ ಬಂದ...

ಪಿರಿಯಾಪಟ್ಟಣದ ಸಮುದಾಯ ಭವನದಲ್ಲಿ ಅಂದು ತಂಬಾಕು ಬೆಳೆಗಾರರಿಗೆ ಉಚಿತ ಕಣ್ಣಿನ ತಪಾಸಣೆ. ಮೂಲೆಯಲ್ಲಿ ಕರಿ ಪರದೆ ಕಟ್ಟಿ ಕತ್ತಲೆ ಮಾಡಿದ್ದರು. ಆ ಕತ್ತಲೆಯಲ್ಲಿ ಅವನ ಉಸಿರು ಕೇಳುವಷ್ಟು ಹತ್ತಿರ.

"ಒಂದೇ ನಿಮಿಷ. ಅಲುಗಾಡಬೇಡಿ," ಎಂದ ಅವನು.

ಆಮೇಲೆ ಮೊಬೈಲ್ ತೆಗೆದು ಯಂತ್ರದ ಕಿಂಡಿಗೆ ಹಿಡಿದ. ಕ್ಲಿಕ್!

ಸ್ಪಂದನಾ ತಟ್ಟನೆ ತಲೆ ಹಿಂದಕ್ಕೆಳೆದುಕೊಂಡಳು. "ಫೋಟೊ ಯಾಕ್ ತೆಗೆದ್ರಿ?"

"ನಿಮ್ಮ ಕಣ್ಣಿನದ್ದು ಮಾತ್ರ. ಕೋಪ ಮಾಡ್ಕೋಬೇಡಿ... ನಿಮಗೆ ಅಂಗೈ, ಅಂಗಾಲು ಉರೀತಾವಾ? ಹೃದಯಕ್ಕೆ, ಕೀಲುನೋವಿಗೆ ಏನಾದರೂ ಮಾತ್ರೆ ತಗೊಳ್ತೀರಾ? ಮನೇಲಿ ಯಾರಿಗಾದರೂ ಕಿಡ್ನಿ ತೊಂದರೆ?"

"ಬ್ಯಾರನ್ ಹೊಗೆಗೆ ಕಣ್ಣು ಉರೀತದೆ, ಒಂದು ಡ್ರಾಪ್ಸ್ ಬರಕೊಡಿ ಅಂತ ಬಂದೋಳು ನಾನು!"

"ಬರೆದು ಕೊಡ್ತೀನಿ. ನಿಮ್ಮ ಫೋನ್ ನಂಬರ್ ಒಂದು ಹೇಳಿ. ನಿಮ್ಮ ಕಣ್ಣಿನೊಳಗೆ... ಹೇಗೆ ಹೇಳಲಿ... ಒಂದು ಸುಳಿ ಇದೆ."

ಅಷ್ಟು ಕೇಳಿದ್ದೇ ತಡ, ಅವಳು ಪರದೆ ಸರಿಸಿಕೊಂಡು ಹೊರಗೆ ಬಂದಳು.

"ಸುಳಿ ನೋಡೋಕೆ ನಾನೇನು ಎತ್ತೇನ್ರೀ? ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದ್ರೆ ಹಿಂಗಾ ಮಾಡೋದು? ಫೋಟೊ ಅಂತೆ, ನಂಬರ್ ಅಂತೆ!"

ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಯಾರೋ ಮುದುಕ ಕಿಸಕ್ಕನೆ ನಕ್ಕ. ಪರದೆಯ ಬಾಯಲ್ಲಿ ನಿಂತಿದ್ದ ಆ ಯುವಕನ ಮುಖ ಕೆಂಪಾಗಿತ್ತು. ಅವನ ಎದೆಯ ಮೇಲಿನ ಬಿಲ್ಲೆಯಲ್ಲಿ 'ಮಲ್ಲೇಶ್, ನೇತ್ರ ಪರೀಕ್ಷಕ, ಹುಣಸೂರು' ಎಂದಿತ್ತು. ಅವನು ಏನೋ ಹೇಳಲು ಬಾಯಿ ತೆರೆದ. ಸ್ಪಂದನಾ ನಿಲ್ಲಲಿಲ್ಲ.

'ಎಂಥಾ ಧೈರ್ಯ! ನೋಡೋಕೆ ಮಾತ್ರ ಎಷ್ಟು ಸಾಧು ಥರ ಅವ್ನೆ...'

ಬಸ್ಸಿನಲ್ಲಿ ಊರಿನ ದಾರಿ ಹಿಡಿದಾಗಲೂ ಅವಳ ಕೆನ್ನೆ ಬಿಸಿಯಾಗಿಯೇ ಇತ್ತು.

* * *

ಬೀರನಕೊಪ್ಪಲಿನ ಗೋವಿಂದಯ್ಯನ ಮನೆಯಲ್ಲಿ ಆ ವರ್ಷ ಕೊನೆಯ ಸುತ್ತಿನ ಹೊಗೆಸೊಪ್ಪು ಬೇಯುತ್ತಿತ್ತು. ಬ್ಯಾರನ್ ಎಂದರೆ ಸೊಪ್ಪನ್ನು ಕಡ್ಡಿಗೆ ಕಟ್ಟಿ ನೇತುಹಾಕಿ, ಕೆಳಗೆ ಬೆಂಕಿಯಿಟ್ಟು ದಿನಗಟ್ಟಲೆ ಹದಮಾಡುವ ಎತ್ತರದ ಕೋಣೆ. ಅದರ ಒಲೆಯ ಮುಂದೆ ಕೂತು ಕಾವು ಹೆಚ್ಚುಕಡಿಮೆಯಾಗದಂತೆ ಕಾಯುವುದು ಮನೆಯ ಗಂಡುಮಗನ ಕೆಲಸ. ಆದರೆ ಈ ಮನೆಯಲ್ಲಿ ಮೂರು ವರ್ಷದಿಂದ ಆ ಕೆಲಸ ಸ್ಪಂದನಾಳದು. ಡಿಗ್ರಿ ಮುಗಿಸಿದ ಹುಡುಗಿ, ಮುಖಕ್ಕೆ ಮಸಿ ಬಳಿದುಕೊಂಡು ಒಲೆಗೆ ಸೌದೆ ದೂಡುತ್ತಿದ್ದಳು.

ಅವಳ ಅಣ್ಣ ಶಶಿ? ಜಗಲಿಯಲ್ಲಿ ನೀರಿನ ಬಕೆಟ್‌ನಲ್ಲಿ ಎರಡೂ ಕಾಲು ಇಳಿಬಿಟ್ಟು ಕೂತಿರುತ್ತಿದ್ದ.

ಇಪ್ಪತ್ತೇಳು ವರ್ಷದ ಗಂಡಸು! ಬ್ಯಾರನ್ ಹತ್ತಿರ ಹೋದರೆ ತಲೆಸುತ್ತು. ಬಿಸಿಲಿಗೆ ಹೋದರೆ ಜ್ವರ. ಗದ್ದೆಯಿಂದ ಅರ್ಧಕ್ಕೇ ವಾಪಸ್. ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ಅಳುತ್ತಿದ್ದನಂತೆ. ಎಷ್ಟೋ ಡಾಕ್ಟರುಗಳು ನೋಡಿ, ಏನೂ ಇಲ್ಲ, ನರದ ವೀಕ್ನೆಸ್ ಎಂದು ಕಳಿಸಿದ್ದರು. ಅಪ್ಪ ಗೋವಿಂದಯ್ಯ ಚಿಕ್ಕಂದಿನಲ್ಲಿ ಬೆಲ್ಟಿನಿಂದ ಹೊಡೆದೂ ನೋಡಿದ್ದ. ಊರವರು ಅವನಿಗೆ 'ನೆರಳುಗೌಡ' ಎಂದು ಹೆಸರಿಟ್ಟಿದ್ದರು. ಸ್ಪಂದನಾಳೇ ಎಷ್ಟು ಸಲ ಅಂದಿಲ್ಲ?

ಅವತ್ತೂ ಅಂದಳು. ಕ್ಯಾಂಪಿನ ಸಿಟ್ಟು ಇನ್ನೂ ಆರಿರಲಿಲ್ಲ.

"ನಾನು ಹೊಗೆ ಕುಡ್ದು ಸಾಯ್ತಾ ಇವ್ನಿ, ನೀನು ಮಹಾರಾಜನಂಗೆ ಕಾಲು ನೆನೆಹಾಕ್ಕೊಂಡು ಕೂತ್ಕೊ!"

ಶಶಿ ಕಾಲನ್ನು ನೀರಿನಲ್ಲಿ ಇನ್ನಷ್ಟು ಕೆಳಕ್ಕಿಳಿಸಿದ. ಅವನು ಜಗಳವಾಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು.

ಒಳಗಿನಿಂದ ಅವ್ವ ಚಿಕ್ಕಬೀರಮ್ಮ ಬಂದು ಮಗನ ಬಕೆಟ್ಟಿಗೆ ಹೊಸ ನೀರು ಸುರಿದಳು.

"ಬುಡವ್ವ, ಯಾಕಂಗೆ ಅಂತೀಯ. ನನ್ನ ತಮ್ಮ ಸಣ್ಣಬೀರನೂ ಇಂಗೇಯಾ. ಕೆರೆ ಮೆಟ್ಟಿಲ ಮ್ಯಾಲೆ ಕಾಲು ಬುಟ್ಕಂಡು ಕೂತ್ರೆ ಏಳ್ತಿರ್ಲಿಲ್ಲ. ಅಂಗಾಲಲ್ಲಿ ಕೆಂಡ ಇಟ್ಟಂಗಾಯ್ತದೆ ಅಕ್ಕ ಅಂತಿದ್ದ... ಪಾಪ, ಮೂವತ್ತೆಂಟಕ್ಕೆ ಕಿಡ್ನಿ ಹೋಗಿ ಸತ್ತ."

ಸ್ಪಂದನಾಳ ಕೈಯಲ್ಲಿದ್ದ ಸೌದೆ ಅಲ್ಲೇ ನಿಂತಿತು.

ಅಂಗಾಲು ಉರಿ... ಕಿಡ್ನಿ...

'ಅವನು ಕೇಳಿದ್ದೂ ಅದೇ ಅಲ್ವಾ!'

ಅವಳಿಗೆ ಇನ್ನೊಂದು ನೆನಪಾಯಿತು. ಏಳನೇ ಕ್ಲಾಸಿನಲ್ಲಿ ಜ್ವರ ಬಂದಾಗಲೆಲ್ಲ ಅವಳ ಅಂಗೈ ಸೂಜಿ ಚುಚ್ಚಿದಂತೆ ಉರಿಯುತ್ತಿತ್ತು. ಹೇಳಿದರೆ ಅಣ್ಣನ ಹಾಗೆ ತನಗೂ ಹೆಸರಿಡುತ್ತಾರೆ ಎಂದು ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ ಅದು ತಾನಾಗಿ ಕಡಿಮೆಯಾಗಿತ್ತು.

"ಅಣ್ಣಾ," ಎಂದಳು ಮೆಲ್ಲಗೆ. "ನಿನ್ನ ಕೈಯೂ ಉರೀತದಾ?"

ಶಶಿ ತಲೆಯೆತ್ತಿ ಅವಳನ್ನು ನೋಡಿದ.

"ಉರೀತದೆ ಅಂತ ಹದಿನೈದು ವರ್ಷದಿಂದ ಏಳ್ತಾನೇ ಇವ್ನಲ್ಲ," ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾದದ್ದು.

* * *

ಮೂರನೇ ದಿನ ಬೆಳಗ್ಗೆ ಮನೆಯ ಮುಂದೆ ಒಂದು ಬೈಕ್ ನಿಂತಿತು. ಅಂಗಳ ಗುಡಿಸುತ್ತಿದ್ದ ಸ್ಪಂದನಾ ನೋಡಿದಳು. ಅವನೇ! ಮಲ್ಲೇಶ್!

'ಅಯ್ಯೋ, ಊರಿಗೇ ಬಂದುಬಿಟ್ನಾ!'

"ಕ್ಯಾಂಪಿನ ರಿಜಿಸ್ಟರಿನಲ್ಲಿ ನಿಮ್ಮ ಊರು ನೋಡಿ ಬಂದೆ. ಹಾಗೆ ಬರಬಾರದು, ಗೊತ್ತು. ಐದು ನಿಮಿಷ ಮಾತಾಡಿ ಹೋಗಿಬಿಡ್ತೀನಿ. ಆಮೇಲೆ ಬೇಕಾದರೆ ನನ್ನ ಮೇಲೆ ದೂರು ಕೊಡಿ," ಎಂದ ಅವನು ಹೆಲ್ಮೆಟ್ ಎದೆಗವುಚಿಕೊಂಡು.

ಹಟ್ಟಿಯಿಂದ ಬಂದ ಗೋವಿಂದಯ್ಯ ಹುಬ್ಬು ಗಂಟಿಕ್ಕಿದ. "ಯಾರಪ್ಪ ನೀನು? ನಮ್ಮ ಹುಡ್ಗಿ ಹತ್ರ ನಿಂಗೇನು ಮಾತು?"

ಮಲ್ಲೇಶ್ ಜಗಲಿಯ ಅಂಚಿನಲ್ಲಿ ಕೂತು ಹೇಳತೊಡಗಿದ. ಅವನ ಊರು ಅಂತರಸಂತೆಯ ಹತ್ತಿರ. ಓದಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಕನಕೋಟೆ ಕಡೆಯ ಒಬ್ಬ ಫಾರೆಸ್ಟ್ ವಾಚರ್ ಕಣ್ಣು ತೋರಿಸಲು ಬಂದಿದ್ದ. ಕಣ್ಣಿನ ಕರಿಗುಡ್ಡೆಯ ಮೇಲೆ ಗಾಜಿನಂಥ ಒಂದು ಪೊರೆ ಇರುತ್ತದಲ್ಲ, ಅದರ ಮೇಲೆ ತೆಳ್ಳಗೆ ಕಂದುಗೆರೆಗಳು ಸುಳಿ ಸುತ್ತಿದ ಹಾಗೆ ಕಂಡವು. ಯಂತ್ರದ ಗಾಜಿಗೆ ಕೊಳೆ ಹಿಡಿದಿದೆ ಎಂದುಕೊಂಡು ಒರೆಸಿದ. ಹೋಗಲಿಲ್ಲ. ದೃಷ್ಟಿ ಚೆನ್ನಾಗಿದೆಯಲ್ಲ ಎಂದು 'ನಾರ್ಮಲ್' ಎಂದು ಬರೆದು ಕಳಿಸಿದ.

"ಎರಡು ವರ್ಷ ಆದ್ಮೇಲೆ ಮೈಸೂರಲ್ಲಿ ಒಂದು ಟ್ರೇನಿಂಗ್. ಅಲ್ಲಿ ಅದೇ ಸುಳಿಯ ಚಿತ್ರ ತೋರಿಸಿದರು. ಹುಟ್ಟಿನಿಂದ ಬರೋ ಒಂದು ಅಪರೂಪದ ಕಾಯಿಲೆ, ಕಣ್ಣಿಗೆ ಏನೂ ಮಾಡಲ್ಲ, ಆದರೆ ಒಳಗೊಳಗೇ ಕಿಡ್ನಿ, ಹೃದಯ ತಿನ್ನುತ್ತೆ ಅಂದರು. ಮಾರನೇ ದಿನವೇ ಆ ವಾಚರ್ ಮನೆ ಹುಡುಕ್ಕೊಂಡು ಹೋದೆ." ಅವನು ಹೆಲ್ಮೆಟ್ ಕೆಳಗಿಟ್ಟ. "ಅವರು ಡಯಾಲಿಸಿಸ್‌ನಲ್ಲಿ ಇದ್ದರು. ಆಮೇಲೆ ಆರು ತಿಂಗಳೂ ಬದುಕಲಿಲ್ಲ. ಅವರ ಮನೆಯವರು ನನಗೆ ಟೀ ಕೊಟ್ಟರು... ನಾನು ಮೊದಲೇ ನೋಡಿದ್ದೆ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ."

ಅವನು ಗೋವಿಂದಯ್ಯನ ಕಡೆ ತಿರುಗಿದ.

"ನಿಮ್ಮ ಮಗಳ ಎರಡೂ ಕಣ್ಣಲ್ಲಿ ಅದೇ ಸುಳಿ ಇದೆ. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಅಷ್ಟು ಜೋರಾಗಿ ಬರಲ್ಲ. ಆದರೆ ಮನೇಲಿ ಗಂಡುಮಕ್ಕಳು ಯಾರಾದರೂ..."

ಅವನ ಮಾತು ನಿಂತಿತು. ಅವನ ನೋಟ ಬಕೆಟ್‌ನಲ್ಲಿ ಕಾಲಿಟ್ಟು ಕೂತ ಶಶಿಯ ಮೇಲೆ ಬಿದ್ದಿತ್ತು.

ಅವನು ಎದ್ದು ಹೋಗಿ ಶಶಿಯ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

"ಅಣ್ಣ, ಎಲ್ಲಿ ಉರಿಯುತ್ತೆ?"

ಶಶಿ ಮೊದಲು ಅಪ್ಪನ ಮುಖ ನೋಡಿದ. ಆಮೇಲೆ ಅಂಗೈ ಚಾಚಿದ.

"ಬಿಸಿಲಿಗೆ ಹೋದರೆ ಬೆವರು ಬರುತ್ತಾ?"

"ಇಲ್ಲ. ಬೆವರೇ ಬರಕಿಲ್ಲ. ಮೈಯೆಲ್ಲ ಕಾದೋಯ್ತದೆ."

"ಸೊಂಟದ ಹತ್ತಿರ ಸಣ್ಣ ಸಣ್ಣ ಕೆಂಪು ಚುಕ್ಕೆ ಇವೆಯಾ?"

"ನಿಮಗೆ... ನಿಮಗೆ ಯಂಗೆ ಗೊತ್ತು?"

"ನೀವು ಸುಳ್ಳು ಹೇಳ್ತಿಲ್ಲ ಅಂತ ನನಗೆ ಗೊತ್ತು," ಎಂದ ಮಲ್ಲೇಶ್. "ಈ ನೋವು ನಿಜವಾದ್ದೇ ಅಣ್ಣ. ಇದಕ್ಕೊಂದು ಹೆಸರಿದೆ."

ಇಪ್ಪತ್ತೇಳು ವರ್ಷದ ಶಶಿ, ಬೆಲ್ಟಿನ ಏಟಿಗೂ ಅಳುವುದನ್ನು ಮರೆತಿದ್ದ ಶಶಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಗೋವಿಂದಯ್ಯ ಹೆಗಲ ಟವೆಲ್ಲು ತೆಗೆದು ಕೈಯಲ್ಲಿ ತಿರುಚುತ್ತ ನಿಂತ. ಅವನಿಗೆ ಮಗನ ಹತ್ತಿರ ಹೋಗಬೇಕೆನಿಸಿತು. ಆದರೆ ಹೋಗಲಿಲ್ಲ.

ಆ ಸಂಜೆ ಸ್ಪಂದನಾ ಒದ್ದೆ ಬಟ್ಟೆ ತಂದು ಅಣ್ಣನ ಪಾದಕ್ಕೆ ಸುತ್ತಿದಳು. ಅವಳ ಕಣ್ಣೀರು ಅವನ ಕಾಲಿನ ಮೇಲೆ ಬಿತ್ತು.

"ಬುಡವ್ವ," ಎಂದ ಶಶಿ. "ನಿಂಗೂ ಗೊತ್ತಿರ್ಲಿಲ್ಲ."

* * *

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಚನ್ನಬಸವಣ್ಣ ಎಂಬ ಹಿರಿಯರಿದ್ದರು. ಮಾತು ಕಡಿಮೆ, ಆದರೆ ಹಳ್ಳಿಯವರಿಗೂ ಅರ್ಥವಾಗುವ ಹಾಗೆ ಹೇಳುತ್ತಿದ್ದರು.

"ನಮ್ಮ ಮೈಯ ಒಂದೊಂದು ಕಣದಲ್ಲೂ ಕಸ ಕರಗಿಸೋ ಪುಟ್ಟ ಪುಟ್ಟ ಚೀಲ ಇರ್ತವೆ. ಕರಗಿಸೋ ರಸ ಇಲ್ಲ ಅಂದ್ರೆ ಒಂಥರಾ ಜಿಡ್ಡು ಅಲ್ಲೇ ತುಂಬ್ಕೊಳ್ಳುತ್ತೆ. ನರದಲ್ಲಿ ತುಂಬಿದ್ರೆ ಉರಿ. ಕಿಡ್ನೀಲಿ ತುಂಬಿದ್ರೆ ಕಿಡ್ನಿ ಕೆಡುತ್ತೆ. ಕಣ್ಣಲ್ಲಿ ತುಂಬಿದ್ದು ಮಾತ್ರ ಸುಳಿಯಾಗಿ ಹೊರಗೆ ಕಾಣುತ್ತೆ, ನೋಡೋರಿದ್ರೆ. ಫ್ಯಾಬ್ರಿ ಕಾಯಿಲೆ ಅಂತಾರೆ."

ರಕ್ತಪರೀಕ್ಷೆಯ ಫಲಿತಾಂಶ ಬರಲು ವಾರಗಳೇ ಹಿಡಿದವು. ಶಶಿಗೆ ಕಾಯಿಲೆ ಇದ್ದದ್ದು ಖಚಿತವಾಯಿತು. ಮೂತ್ರದಲ್ಲಿ ಪ್ರೋಟೀನ್ ಹೋಗಲು ಶುರುವಾಗಿತ್ತು, ಕಿಡ್ನಿ ಇನ್ನೂ ಉಳಿದಿತ್ತು. ಇನ್ನೆರಡು ಮೂರು ವರ್ಷ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರ್. ಚಿಕ್ಕಬೀರಮ್ಮನಲ್ಲೂ ಸ್ಪಂದನಾಳಲ್ಲೂ ಅದೇ ದೋಷ ಸೌಮ್ಯವಾಗಿ ಕೂತಿತ್ತು.

"ನನ್ನ ತವರಿಂದ ನಾನೇ ತಂದ್ನಾ ಸ್ವಾಮಿ, ನನ್ನ ಮಗುಂಗೆ?" ಎಂದು ಚಿಕ್ಕಬೀರಮ್ಮ ಸೆರಗು ಬಾಯಿಗೊತ್ತಿಕೊಂಡಳು.

"ನೀವು ತಂದದ್ದಲ್ಲ ತಾಯಿ. ನಿಮಗೆ ಬಂದದ್ದು."

ಉರಿ ತಗ್ಗಿಸುವ ಮಾತ್ರೆ ಶುರುವಾಯಿತು. ಒಂದು ವಾರಕ್ಕೇ ಶಶಿ ಬೆಳಗಿನ ತನಕ ಎಚ್ಚರಾಗದೆ ಮಲಗಿದ. ದೇಹದಲ್ಲಿ ಇಲ್ಲದ ಆ ರಸವನ್ನು ಹದಿನೈದು ದಿನಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಚಿಕಿತ್ಸೆ ಬೆಂಗಳೂರಿನ ಆಸ್ಪತ್ರೆಯಲ್ಲಿ. ಅದಕ್ಕೆ ಸರ್ಕಾರದ ಯೋಜನೆಯಡಿ ಅರ್ಜಿ ಹಾಕಿ ಕಾಯಬೇಕು.

ಅರ್ಜಿ, ಸರ್ಟಿಫಿಕೇಟು, ಸಹಿ... ಎಲ್ಲಕ್ಕೂ ಓಡಾಡಿದ್ದು ಮಲ್ಲೇಶ್ ಮತ್ತು ಸ್ಪಂದನಾ. ಅವಳು ಪಿರಿಯಾಪಟ್ಟಣದಲ್ಲಿ ಮೈಸೂರಿನ ಬಸ್ಸು ಹತ್ತಿದರೆ ಅವನು ಹುಣಸೂರಿನಲ್ಲಿ ಹತ್ತುತ್ತಿದ್ದ. ಮೊದಲೆರಡು ಸಲ ಬೇರೆ ಬೇರೆ ಸೀಟು. ಮೂರನೇ ಸಲ ಅವಳೇ ಕಿಟಕಿ ಕಡೆಗೆ ಸರಿದು ಜಾಗ ಬಿಟ್ಟಳು.

"ಅವತ್ತು ಕ್ಯಾಂಪಲ್ಲಿ ಅಷ್ಟು ಜನದ ಮುಂದೆ ಬೈದ್ನಲ್ಲ... ನಿಮಗೆ ಬೇಜಾರಾಗ್ಲಿಲ್ವಾ?"

"ಬೇಜಾರಾಯ್ತು. ಆದರೆ ಎತ್ತಿನ ಮಾತಿಗೆ ನನಗೂ ನಗು ಬಂದಿತ್ತು."

ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. ಬಿಳಿಕೆರೆ ದಾಟುವವರೆಗೂ ಆ ನಗು ತುಟಿಯಲ್ಲೇ ಇತ್ತು.

ಅವನು ಹೆಚ್ಚು ಮಾತಿನವನಲ್ಲ. ಆದರೆ ಕೇಳಿಸಿಕೊಳ್ಳುತ್ತಿದ್ದ. ಅವಳು ಬಿ.ಎಡ್. ಮಾಡಬೇಕೆಂದಿದ್ದದ್ದು, ಬ್ಯಾರನ್ನಿಗಾಗಿ ಬಿಟ್ಟದ್ದು, ಆ ಸಿಟ್ಟನ್ನೆಲ್ಲ ಅಣ್ಣನ ಮೇಲೆ ಸುರಿದದ್ದು... ಯಾರಿಗೂ ಹೇಳದ್ದನ್ನೆಲ್ಲ ಅವನಿಗೆ ಹೇಳಿದಳು.

ಫೆಬ್ರವರಿಯ ಒಂದು ಸಂಜೆ ಹುಣಸೂರಿನಲ್ಲಿ ಇಳಿಯುವ ಮುನ್ನ ಅವನು ತಡವರಿಸಿದ. "ಮುಂದಿನ ವಾರ ಸಿಕ್ಕಾಗ... ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕು."

ಆ ವಾರವೆಲ್ಲ ಸ್ಪಂದನಾಳ ಮನಸ್ಸು ನೆಲದ ಮೇಲಿರಲಿಲ್ಲ!

* * *

ಮುಂದಿನ ವಾರ ಶಶಿಯ ಜೊತೆ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಕೋಣೆ ಖಾಲಿಯಿತ್ತು. "ಮೇಲಿನ ಹಾಲ್‌ನಲ್ಲಿ ಮೀಟಿಂಗ್, ಹೋಗಿ ನೋಡಿ," ಎಂದಳು ನರ್ಸು. ಶಶಿಯನ್ನು ಕೂರಿಸಿ ಅವಳೊಬ್ಬಳೇ ಮೆಟ್ಟಿಲು ಹತ್ತಿದಳು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲೆ, ನಲವತ್ತು ಐವತ್ತು ಜನ, ಮುಂದೆ ಗೋಡೆಯಗಲದ ಪರದೆ.

ಪರದೆಯ ತುಂಬ ಒಂದು ಕಣ್ಣು.

ರೆಪ್ಪೆಯ ಅಂಚಿನಲ್ಲಿದ್ದ ಸಣ್ಣ ಮಚ್ಚೆ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಅದು ಅವಳದೇ ಕಣ್ಣು.

"ಇಪ್ಪತ್ತನಾಲ್ಕು ವರ್ಷದ ಹೆಣ್ಣು, ಪಿರಿಯಾಪಟ್ಟಣ ತಾಲ್ಲೂಕು," ಎನ್ನುತ್ತಿದ್ದ ಮಲ್ಲೇಶ್, ಕೈಯಲ್ಲಿ ಕೆಂಪು ಬೆಳಕಿನ ಕಡ್ಡಿ ಹಿಡಿದು.

"ಬ್ಯೂಟಿಫುಲ್! ಎಂಥಾ ಕ್ಲಾಸಿಕ್ ಕೇಸ್!" ಎಂದಿತು ಕತ್ತಲೆಯಿಂದ ಒಂದು ದನಿ. ಚಪ್ಪಾಳೆ.

ಸ್ಪಂದನಾ ಬಾಗಿಲಿನಿಂದ ಹಿಂದೆ ಸರಿದಳು. ಬಸ್ಸಿನಲ್ಲಿ ಆಡಿದ ಮಾತು, ಆ ನಗು, ಆ ತಡವರಿಕೆ... ಎಲ್ಲ ಇದಕ್ಕಾಗಿಯೇ?

'ನಾನು ಅವರಿಗೆ ಒಂದು ಕೇಸು. ಅಷ್ಟೇ.'

ಅವಳನ್ನು ನೋಡಿದ ಮಲ್ಲೇಶ್ ಓಡುತ್ತ ಮೆಟ್ಟಿಲ ಬಳಿ ಬಂದ.

"ಸ್ಪಂದನಾ ಅವರೇ, ನಿಲ್ಲಿ! ಬೇರೆ ಊರಿನ ಕಣ್ಣಿನ ಪರೀಕ್ಷಕರಿಗೆ ತೋರಿಸಿದರೆ ಅವರೂ ಗುರುತಿಸ್ತಾರೆ ಅಂತ... ನಿಮ್ಮ ಹೆಸರು ಎಲ್ಲೂ ಹಾಕಿಲ್ಲ."

"ಹೆಸರಿಲ್ಲ ಅಂದ್ರೆ ಅದು ನನ್ನ ಕಣ್ಣಲ್ವಾ?"

ಅವನು ಕೆಂಪು ಬೆಳಕಿನ ಕಡ್ಡಿಯನ್ನು ಜೇಬಿಗೆ ತುರುಕಿದ.

"ಒಂದು ಮಾತು ಕೇಳಿದ್ರೆ ನಾನೇ ತೋರ್ಸಿ ಅಂತಿದ್ದೆ. ದನದ ಸಂತೇಲಾದ್ರೂ ಹಗ್ಗ ಹಿಡ್ದೋರ್ನ ಕೇಳಿ ಬಾಯಿ ಬುಡಿಸಿ ಹಲ್ಲು ನೋಡ್ತಾರೆ ಕಣ್ರೀ."

"ತಪ್ಪಾಯ್ತು," ಎಂದ ಅವನು. ಬೇರೇನೂ ಸಮಜಾಯಿಷಿ ಕೊಡಲಿಲ್ಲ. ಅವಳು ಇಳಿದು ಹೋದಳು.

* * *

ಅವನು ಎರಡು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಆಮೇಲೆ ಮಾಡಲಿಲ್ಲ.

ಏಪ್ರಿಲ್‌ನಲ್ಲಿ ಮಂಜೂರಾತಿ ಬಂತು. ಶಶಿ ಹದಿನೈದು ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಬರತೊಡಗಿದ. ಊರಿನಲ್ಲಿ ಈಗ ಯಾರೂ ಅವನನ್ನು ನೆರಳುಗೌಡ ಎನ್ನುತ್ತಿರಲಿಲ್ಲ. ಗೋವಿಂದಯ್ಯ ಜಗಲಿಗೆ ಒಂದು ಫ್ಯಾನು ಹಾಕಿಸಿದ. ಮಗನಿಗೆ ಅವನು ಕ್ಷಮೆ ಕೇಳಿದ ಬಗೆ ಅದೊಂದೇ.

ಸ್ಪಂದನಾ ಬಿ.ಎಡ್.ಗೆ ಅರ್ಜಿ ಹಾಕಿದಳು. ನಗುವುದನ್ನು ಮಾತ್ರ ಕಡಿಮೆ ಮಾಡಿದ್ದಳು.

ಜುಲೈನಲ್ಲಿ ಒಂದು ದಿನ, ತಂಬಾಕಿನ ಹೊಲದ ಬದುವಿನ ಮೇಲೆ ಕೂತಿದ್ದಾಗ, ಅವಳು ಅಣ್ಣನನ್ನು ಕೇಳಿದಳು. "ಬೆಂಗ್ಳೂರಿಗೆ ನಿನ್ನ ಜೊತೆ ಬರೋನು ನಮ್ಮ ಚಿಕ್ಕಪ್ಪನ ಮಗ ತಾನೆ?"

"ಅವ್ನು ಒಂದೇ ಸಲ ಬಂದಿದ್ದು," ಎಂದ ಶಶಿ. "ಮಿಕ್ಕಿದ್ದೆಲ್ಲ ಮಲ್ಲೇಶಣ್ಣಾನೇ. ರಜ ಹಾಕಿ ಬತ್ತರೆ. ಡ್ರಿಪ್ ಮುಗಿಯೋಗಂಟ ಕುರ್ಚಿ ಮ್ಯಾಲೆ ಕೂತಿರ್ತರೆ."

ಸ್ಪಂದನಾ ತಟ್ಟನೆ ಅವನ ಕಡೆ ತಿರುಗಿದಳು. "ಯಾಕೆ ಹೇಳ್ಲಿಲ್ಲ ನಂಗೆ?"

"ಏಳ್ಬ್ಯಾಡಿ ಅಂದ್ರು. ನಿನ್ನ ಬಗ್ಗೆ ಒಂದು ಮಾತೂ ಕೇಳ್ಲಿಲ್ಲ ಕಣವ್ವ. ನಾನೇ ಸುರು ಮಾಡಿದ್ರೆ, 'ಬ್ಯಾಡ ಶಶಿ. ಅವರನ್ನ ಕೇಳ್ದೆ ಅವರ ವಿಷಯ ತಿಳ್ಕೊಂಡ್ರೆ ಮತ್ತೆ ಅದೇ ತಪ್ಪು ಮಾಡ್ದಂಗಾಯ್ತದೆ' ಅಂದ್ರು. ಆ ಫೋಟೊನೂ ಅವತ್ತೇ ಎಲ್ಲಾ ಕಡೆಯಿಂದ ತೆಗ್ಸಾಕವ್ರೆ."

ಸ್ಪಂದನಾ ಎದ್ದು ಮನೆಯ ಕಡೆ ನಡೆದಳು.

ಅಂದು ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಅವ್ವನ ಪಕ್ಕ ಹೋಗಿ ಕೂತಳು. "ಅವ್ವ, ನಂಗೆ ಅವರ ಮೇಲೆ ಸಿಟ್ಟಿಲ್ಲ. ಯಾವತ್ತೋ ಹೋಯ್ತು."

"ಮತ್ತೆ?"

"ಭಯ." ಮಾತು ಹೊರಬಂದ ಮೇಲೆಯೇ ಅವಳಿಗೂ ಅದು ಸ್ಪಷ್ಟವಾದದ್ದು. "ನಂಗೆ ಹುಟ್ಟೋ ಮಗೂಗೂ ಇದು ಬರ್ಬೋದು. ಬಂದ್ರೂ ಬರ್ಬೋದು, ಬರ್ದೆನೂ ಇರ್ಬೋದು, ಸಮಸಮ ಅಂದ್ರು ಡಾಕ್ಟ್ರು. ಅದನ್ನ ಅವರಿಗೆ ಹೊರ್ಸಕ್ಕೆ ನಂಗೆ ಮನಸಿಲ್ಲ. ಫೋಟೊ ಒಂದು ನೆವ ಆಯ್ತು, ಓಡ್ಬಂದೆ."

ಚಿಕ್ಕಬೀರಮ್ಮ ಕೋಲು ಬಿಟ್ಟು ಮಗಳ ತಲೆ ನೇವರಿಸಿದಳು.

"ನಾನು ನಿಮ್ಮಪ್ಪನ ಮದ್ವೆ ಆದಾಗ ಇಬ್ರಿಗೂ ಏನೂ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಇದ್ದುದ್ಕೇ ಮಗನ್ನ ಹೊಡ್ದ್ವಿ, ಬೈದ್ವಿ. ನಿಂಗೆ ಗೊತ್ತದೆ, ಅವ್ರಿಗೂ ಗೊತ್ತದೆ. ಹೋಗಿ ಕೇಳು. ಬ್ಯಾಡ ಅಂದ್ರೆ ಅವ್ರು ಅನ್ನಲಿ. ಅವ್ರ ಬದ್ಲಿಗೆ ನೀನ್ಯಾಕವ್ವ ಅಂತೀಯ?"

* * *

ಮಲ್ಲೇಶ್ ಆ ವಾರ ಕೃಷ್ಣರಾಜನಗರದ ಶಾಲೆಗಳಲ್ಲಿ ಮಕ್ಕಳ ಕಣ್ಣು ಪರೀಕ್ಷಿಸುತ್ತಿದ್ದಾನೆಂದು ಶಶಿ ಹೇಳಿದ. ಸ್ಪಂದನಾ ಹುಣಸೂರಿನಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೊರಟಳು. ಬರುತ್ತೇನೆಂದು ಫೋನ್ ಮಾಡಲಿಲ್ಲ. ಮಾಡಿದರೆ ಧೈರ್ಯ ಕರಗೀತು ಎಂಬ ಭಯ.

ಬಸ್ ಸ್ಟ್ಯಾಂಡಿನ ಎದುರು ಕಬ್ಬಿನ ಹಾಲಿನ ಗಾಡಿಯ ಪಕ್ಕ ಅವನು ನಿಂತಿದ್ದ. ಶಾಲೆ ಬಿಟ್ಟಿತ್ತು. ಕಾಲುವೆ ನೀರು ಬಂದ ಹೊಸತರ ಹಸಿಮಣ್ಣಿನ ವಾಸನೆ ಬಯಲಿನ ಕಡೆಯಿಂದ ತೇಲಿ ಬರುತ್ತಿತ್ತು.

ಅವಳನ್ನು ನೋಡಿ ಅವನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

"ಶಶಿಗೆ ಏನಾದರೂ..."

"ಅಣ್ಣ ಚೆನ್ನಾಗವ್ನೆ. ನಾನೇ ಬಂದೆ. ನಿಮ್ಮ ಹತ್ರ ಮಾತಾಡ್ಬೇಕಿತ್ತು."

ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ.

"ಫೆಬ್ರವರೀಲಿ ಏನೋ ಮಾತಾಡ್ಬೇಕು ಅಂದಿದ್ರಿ. ಏನದು?"

ಅವನು ಲೋಟದ ಅಂಚನ್ನೇ ನೋಡಿದ. "ಈಗ ಕೇಳೋ ಅರ್ಹತೆ ನನಗಿಲ್ಲ."

"ಇದೆಯೋ ಇಲ್ವೋ ನಾನು ಹೇಳ್ತೀನಿ. ಮೊದ್ಲು ನನ್ನ ಮಾತು ಕೇಳಿ." ಅವಳು ಅವನ ಕಡೆ ತಿರುಗಿ ಕೂತಳು. "ನನ್ನ ರಕ್ತದಲ್ಲಿ ಏನದೆ ಅಂತ ನಿಮಗೆ ನನಗಿಂತ ಮೊದ್ಲೇ ಗೊತ್ತು. ನಾಳೆ ನನಗೆ ಮಗು ಆದ್ರೆ, ಅದೂ ನಮ್ಮಣ್ಣನಂಗೆ ಕಾಲು ಉರಿ ಅಂತ ಅತ್ರೆ... ನಿಮ್ಮ ಮನೆಯವರು ಏನಂತಾರೆ? ನೀವೇನಂತೀರಾ? ನೀವು ಒಳ್ಳೇವ್ರು. ಒಳ್ಳೇತನಕ್ಕೆ 'ಪರವಾಗಿಲ್ಲ' ಅಂದ್ಬುಡ್ತೀರಾ ಅಂತಲೇ ನಂಗೆ ಭಯ!"

ಮಲ್ಲೇಶ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎದುರಿಗೆ ಒಂದು ಟ್ರ್ಯಾಕ್ಟರ್ ಗದ್ದಲ ಮಾಡುತ್ತ ಹೋಯಿತು.

"ಪರವಾಗಿಲ್ಲ ಅನ್ನಲ್ಲ," ಎಂದ ಕೊನೆಗೆ. "ಅದು ದೊಡ್ಡ ವಿಷಯವೇ. ನನಗೂ ಭಯ ಇದೆ. ಬಸುರಿಯಾದಾಗಲೇ ಪರೀಕ್ಷೆ ಮಾಡಿ ತಿಳ್ಕೋಬಹುದು. ಮಕ್ಕಳೇ ಬೇಡ ಅಂತ ಇರಬಹುದು. ಒಂದು ಮಗು ತಂದು ಸಾಕಬಹುದು. ಯಾವುದು ಸರಿ ಅಂತ ನನಗೆ ಇವತ್ತು ಗೊತ್ತಿಲ್ಲ. ಆದರೆ ಐದು ತಿಂಗಳಿಂದ ಇದನ್ನೇ ನಾನು ಅಲ್ಲಿ ಒಬ್ಬನೇ ಕೂತು ಯೋಚಿಸ್ತಿದ್ದೆ, ನೀವು ಇಲ್ಲಿ ಒಬ್ಬರೇ ಕೂತು ಯೋಚಿಸ್ತಿದ್ರಿ. ಅದೊಂದು ಮಾತ್ರ ಸರಿಯಲ್ಲ ಅನ್ನಿಸುತ್ತೆ."

ಸ್ಪಂದನಾಳ ಕಣ್ಣು ತುಂಬಿಬಂತು. ಐದು ತಿಂಗಳಿಂದ! ಇವರೂ ಇದನ್ನೇ ಯೋಚಿಸುತ್ತಿದ್ದರಾ...

"ನಮ್ಮವ್ವನಿಗೂ ಹೇಳಿದೀನಿ," ಎಂದ ಅವನು. "ಮೂರು ದಿನ ಮಾತು ಬಿಟ್ಟಿದ್ದರು. ನಾಲ್ಕನೇ ದಿನ, ಆ ಹುಡುಗಿ ಅಣ್ಣ ಈಗ ಹೇಗವ್ನೆ ಅಂತ ಕೇಳಿದರು. ನಮ್ಮವ್ವ ಅಷ್ಟು ಕೇಳಿದ್ದೇ ಹೆಚ್ಚು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಸೆರಗಿನಂಚಿನಿಂದ ಕಣ್ಣೊರೆಸಿಕೊಂಡಳು.

"ಈಗಲಾದ್ರೂ ಹೇಳಿ. ಫೆಬ್ರವರೀಲಿ ಏನ್ ಕೇಳ್ಬೇಕು ಅಂತಿದ್ರಿ?"

"ಸ್ಪಂದನಾ ಅವರೇ..."

"ಆ 'ಅವರೇ'ನ ಬುಟ್ಟು ಕೇಳಿ."

ಅವನು ಒಮ್ಮೆ ಉಸಿರೆಳೆದುಕೊಂಡ.

"ಸ್ಪಂದನಾ... ನನ್ನ ಮದುವೆ ಆಗ್ತೀಯಾ?"

ಅವಳು ಬೆಂಚಿನ ನಡುವಿನ ಜಾಗ ದಾಟಿ ಅವನ ಪಕ್ಕಕ್ಕೆ ಸರಿದು ಕೂತಳು. ಅವನ ಕೈಯಲ್ಲಿ ಬಿಸಿಯಾಗಿಹೋಗಿದ್ದ ಕಬ್ಬಿನ ಹಾಲಿನ ಲೋಟ ತೆಗೆದುಕೊಂಡು ಉಳಿದರ್ಧವನ್ನು ಕುಡಿದಳು.

"ಅದು ನನ್ನ ಎಂಜಲು!" ಎಂದ ಅವನು ಗಾಬರಿಯಿಂದ.

"ಗೊತ್ತು ಬುಡಿ."

ಅಷ್ಟರಲ್ಲಿ ಹುಣಸೂರು ಬಸ್ಸು ಬಂದು ನಿಂತಿತು. ಕಂಡಕ್ಟರ್ ಊರಿನ ಹೆಸರು ಕೂಗಿದ. ಮಲ್ಲೇಶ್ ಎದ್ದು ನಿಂತ. "ನಿನ್ನ ಬಸ್ಸು."

ಸ್ಪಂದನಾ ಕೂತಲ್ಲಿಂದ ಏಳಲಿಲ್ಲ.

"ಇದಾದ್ಮೇಲೆ ಇನ್ನೊಂದು ಎಷ್ಟೊತ್ತಿಗೆ?"

"ಮುಕ್ಕಾಲು ಗಂಟೆ ಆಗುತ್ತೆ."

"ಆಗ್ಲಿ," ಎಂದಳು ಅವಳು. "ಕೂತ್ಕೊಳ್ಳಿ."